ಬುಡ್ತು ಅನ್ನು

ಎಲಚಿಹುಂಡಿಯಲ್ಲಿ ಸಾವು ಹೇಳುವುದಕ್ಕೆ ಅಂತಲೇ ಒಂದು ಮನೆ ಇದೆ. ಯಜಮಾನರ ಬೀದಿಯಲ್ಲಿ ಯಾರಾದರೂ ಸತ್ತರೆ ಆ ಮನೆಯ ಗಂಡಸು ಹೆಗಲಿಗೆ ಟವೆಲ್ಲು ಹಾಕಿಕೊಂಡು ನೆಂಟರ ಊರುಗಳಿಗೆ ನಡೆಯಬೇಕು. ಹರವೆಗೆ ನಡೆಯಬೇಕು, ಸಂತೆಮರಹಳ್ಳಿಗೆ ನಡೆಯಬೇಕು. ಬಸ್ಸು ಹತ್ತಬಾರದು. ನೆಂಟರ ಮನೆ ಮುಂದೆ ಬೀದಿಯಲ್ಲೇ ನಿಂತು, ಟವೆಲ್ಲು ಇಳಿಸಿ ಕಂಕುಳಿಗೆ ಸಿಕ್ಕಿಸಿಕೊಂಡು, ಇಂಥವರು ಹೋಗ್ಬುಟ್ರು ಬುದ್ಧಿ ಅಂತ ಕೂಗಬೇಕು. ಅವರು ಒಳಗಿಂದ ಅಕ್ಕಿ ತಂದು, ಕೈ ತಾಕದ ಹಾಗೆ, ಮೇಲಿಂದ ಟವೆಲ್ಲಿಗೆ ಸುರಿಯುತ್ತಾರೆ. ಈ ಕೆಲಸದವನಿಗೆ ಹಳೇಮಗ ಅಂತ ಹೆಸರು. ಮಗನಂತೆ! ಹೊಸಲು ದಾಟಿಸಿಕೊಳ್ಳದ ಮಗ.

ಬೋರಯ್ಯ ಮೂವತ್ತು ವರ್ಷ ಹೀಗೆ ನಡೆದ. ಎರಡು ಸಾವಿರದ ನಾಲ್ಕರಲ್ಲಿ ಕೆಮ್ಮಿ ಕೆಮ್ಮಿ ಅವನೇ ಸತ್ತಾಗ ಯಾವ ಊರಿಗೂ ಯಾರೂ ಸುದ್ದಿ ಒಯ್ಯಲಿಲ್ಲ. ಅವನ ಹೆಂಡತಿ ಪುಟ್ಟಸಿದ್ದಮ್ಮನ ಸ್ವಂತ ತಮ್ಮನಿಗೇ ಮೂರು ದಿನ ಬಿಟ್ಟು ಗೊತ್ತಾಯಿತು. ಆದರೆ ಬೋರಯ್ಯನ ಟವೆಲ್ಲು ಮಾತ್ರ ಒಂದು ದಿನವೂ ನೆಲಕ್ಕೆ ಬೀಳಲಿಲ್ಲ. ಊರ ಯಜಮಾನ ಶಾಂತಮಲ್ಲಪ್ಪ ಅದನ್ನು ಬೋರಯ್ಯನ ಮಗನ ಹೆಗಲಿಗೆ ಹಾಕಿಸಿದ.

ಮಗ ಮಾದೇವ. ಪಿಯುಸಿ ಪಾಸು. ಚಾಮರಾಜನಗರ ಪೇಟೆಯಲ್ಲಿ ಗುಲಾಮ್ ಮೊಹಿದ್ದೀನ್ ಸಾಹೇಬರ ಹಾಸಿಗೆ ಅಂಗಡಿಯಲ್ಲಿ ಹತ್ತಿ ಹಿಂಜುತ್ತಿದ್ದ. ಸಂಜೆ ಮನೆಗೆ ಬಂದರೆ ಹುಬ್ಬು ರೆಪ್ಪೆ ಎಲ್ಲ ಬೆಳ್ಳಗೆ. 'ಮುದುಕಪ್ಪ ಬಂದ ಕಣಕ್ಕ' ಅಂತ ಪಕ್ಕದ ಮನೆ ಮೂಗಮ್ಮ ರೇಗಿಸುತ್ತಿದ್ದಳು. ಹೆಸರು ಮೂಗಮ್ಮ, ಬಾಯಿ ಮಾತ್ರ ಊರಿಗೇ ಒಂದು. ಅವನು ನಗುತ್ತಿದ್ದ. ಚೆನ್ನಾಗಿ ನಗುತ್ತಿದ್ದ ಹುಡುಗ ಅವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಹೇಳುವುದಕ್ಕೆ ಜಾಗ ಸಿಗುವುದಿಲ್ಲ.

ಎರಡು ಸಾವಿರದ ಆರನೇ ಇಸವಿ, ಶಿವರಾತ್ರಿಗೆ ಇನ್ನೂ ಹತ್ತು ದಿನ ಇತ್ತು. ಶಾಂತಮಲ್ಲಪ್ಪನ ದೊಡ್ಡಪ್ಪ ತೀರಿಕೊಂಡ. ಶಾಂತಮಲ್ಲಪ್ಪನ ಆಳು ದೊರೆಸ್ವಾಮಿ ಬೈಕಿನಲ್ಲಿ ಹಾಸಿಗೆ ಅಂಗಡಿಗೇ ಬಂದು, 'ಹರವೆಗೂ ಸಂತೆಮರಹಳ್ಳಿಗೂ ಸುದ್ದಿ ಮುಟ್ಟಿಸ್ಲಾ' ಅಂತ ಹೇಳಿ ಹೋದ. ಅಲ್ಲ, ಬೈಕಿನಲ್ಲಿ ಬಂದವನು ಅದೇ ಬೈಕಿನಲ್ಲಿ ಹರವೆಗೆ ಹೋಗಬಹುದಿತ್ತಲ್ಲ? ಹೋಗುವ ಹಾಗಿಲ್ಲ. ಅವನ ಜಾತಿ ಬೇರೆ.

ಗುಲಾಮ್ ಮೊಹಿದ್ದೀನ್ ಸಾಹೇಬರು ಸೂಜಿಗೆ ದಾರ ಪೋಣಿಸುತ್ತಿದ್ದವರು ಕನ್ನಡಕದ ಮೇಲಿಂದ ನೋಡಿ, 'ಅರೆ ಮಾದೇವ, ಕಾಯಿನ್ ಫೋನ್ ಡಬ್ಬ ಬಾಗಿಲಲ್ಲೇ ಇದೆ. ಸತ್ತಿದ್ದು ಹೇಳೋಕೆ ಬಾಯಿ ಸಾಕಲ್ವಾ, ಕಾಲೂ ಬೇಕಾ?' ಅಂದರು.

ಮಾದೇವ ಒಂದೊಂದು ರೂಪಾಯಿ ಹಾಕಿ ಎರಡು ಊರಿಗೂ ಫೋನ್ ಮಾಡಿದ. ಐದು ನಿಮಿಷದ ಕೆಲಸ. ಮತ್ತೆ ಹತ್ತಿಗೆ ಕೂತ. ನೆಂಟರು ಮಧ್ಯಾಹ್ನಕ್ಕೇ ಬಂದಿಳಿದರು. ಬೋರಯ್ಯನ ಕಾಲದಲ್ಲಿ ಇಷ್ಟು ಬೇಗ ಯಾವತ್ತೂ ಬಂದಿರಲಿಲ್ಲ. ಯಾರಿಗೂ ಒಂದು ಕೂದಲು ಕೊಂಕಲಿಲ್ಲ. ಅದೇ ತಪ್ಪಾಗಿಹೋಯಿತು.

ತಿಥಿ ಮುಗಿದ ಮಾರನೆಯ ದಿನ ಮಾದೇವನನ್ನು ಅರಳಿಕಟ್ಟೆಗೆ ಕರೆಸಿದರು. ಹರವೆಯ ಬೀಗರು ಮುಖ ಉಬ್ಬಿಸಿಕೊಂಡು ಕೂತಿದ್ದರು. ಸಾವಿನ ಮಾತು ಕಾಲಲ್ಲಿ ನಡೆದು ಬರಲಿಲ್ಲ, ಯಾವುದೋ ಡಬ್ಬದಲ್ಲಿ ಬಂತು, ನಮ್ಮ ಹಿರಿಯರಿಗೆ ಮರ್ಯಾದೆ ಇಲ್ಲವಾ ಅಂತ ಅವರ ತಕರಾರು. ಶಾಂತಮಲ್ಲಪ್ಪ ಎಲೆ ಅಡಿಕೆ ಹಾಕಿಕೊಂಡಿದ್ದ. ಅವನು ಕೂಗಾಡುವ ಮನುಷ್ಯ ಅಲ್ಲ. ನಗುನಗುತ್ತಲೇ ಹೇಳಿದ.

'ಓದ್ದೋನು. ಕಾಲಲ್ಲಿ ಸಾವು ಸಾರೋದು ಮರ್ತೋಗ್ಬುಟ್ಟದೆ ಪಾಪ. ಇವತ್ತು ಕಲ್ತ್ಕಳ್ಳಿ ಬುಡು. ನಮ್ಮ ಬೀದಿ ನಲ್ವತ್ತೆರಡು ಬಾಗ್ಲಿಗೂ ಓಗ್ಲಾ. ಯಾರದ್ದೋ ಯಾಕೆ, ನಿಂದೇ ಸಾರು. ಮಾದೇವ ಸತ್ತೋದ ಬುದ್ಧಿ ಅನ್ನು.'

ಜನ ನಕ್ಕರು. ಯಾರೋ ಸಿಳ್ಳೆ ಹಾಕಿದರು.

ಮಾದೇವ ತಿರುಗಿ ಅವ್ವನ ಕಡೆ ನೋಡಿದ. ಪುಟ್ಟಸಿದ್ದಮ್ಮ ಕಟ್ಟೆಯಿಂದ ದೂರ, ಕೇರಿಯವರು ನಿಲ್ಲುವ ಜಾಗದಲ್ಲಿ ನಿಂತಿದ್ದಳು. ಗುಂಡ್ಲುಪೇಟೆ ಕಡೆ ಚೆಂಡುಹೂ ಕೊಯ್ಯಲು ಹೋಗಿ, ಆಗತಾನೇ ಗೂಡ್ಸ್ ಆಟೋ ಇಳಿದು ಬಂದಿದ್ದಳು. ಬೆರಳೆಲ್ಲ ಹಳದಿ. ಹೊಡೆಯಲಿಲ್ಲವಲ್ಲ, ಕಂಬಕ್ಕೆ ಕಟ್ಟಲಿಲ್ಲವಲ್ಲ ಅಂತ ಅವಳು ಒಳಗೇ ಮಲೆ ಮಾದಪ್ಪನಿಗೆ ಕೈ ಮುಗಿದಳು.

'ಯೋಳ್ಬುಡು ಕಣಪ್ಪ' ಅಂದಳು. 'ಬಾಯ್ ಮಾತು ತಾನೆ. ಯೋಳ್ಬುಟ್ಟು ಮನ್ಗೋಗನ ಬಾ.'

ಅವನು ಟವೆಲ್ಲು ಇಳಿಸಿದ. ಮೊದಲ ಬಾಗಿಲು. ಮಾದೇವ ಸತ್ತೋದ ಬುದ್ಧಿ. ಎರಡನೆಯದು. ಮಾದೇವ ಸತ್ತೋದ ಬುದ್ಧಿ. ಮಕ್ಕಳು ಹಿಂದೆ ಹಿಂದೆ ಬಂದವು. ದನಿ ಸಾಲದು ಅಂತ ದೊರೆಸ್ವಾಮಿ ಬೆನ್ನಿಗೆ ಬೆತ್ತದಲ್ಲಿ ತಿವಿದ. ಹೆಂಗಸರು ಬಾಗಿಲಿಗೆ ಬಂದು ನಿಜವಾದ ಸಾವಿಗೆ ಹಾಕುವ ಹಾಗೇ ಒಂದೊಂದು ಹಿಡಿ ಅಕ್ಕಿ ಟವೆಲ್ಲಿಗೆ ಸುರಿದರು. ಒಬ್ಬ ಮುದುಕಿ, 'ಅಯ್ಯೋ, ಏನಾಗಿತ್ತಪ್ಪ ಅವನಿಗೆ?' ಅಂತ ಕೇಳಿದಳು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಥೂ!

ಸಂಜೆಗೆ ಟವೆಲ್ಲು ಭಾರವಾಗಿತ್ತು. ಅವನು ಅದನ್ನು ಒಲೆಯ ಹತ್ತಿರ ಇಟ್ಟು ಗೋಡೆ ಕಡೆ ತಿರುಗಿ ಮಲಗಿದ. ಪುಟ್ಟಸಿದ್ದಮ್ಮ ಬೆಳಗಿಂದ ಒಂದು ಮುದ್ದೆ ತಿಂದಿದ್ದಳು, ಅಷ್ಟೆ. ಅಕ್ಕಿಯಲ್ಲಿ ಕಲ್ಲು ಆರಿಸಿ ಅನ್ನ ಮಾಡಿದಳು. ಅವನು ಉಣ್ಣಲಿಲ್ಲ. ಅವಳು ಉಂಡಳು. ಆಮೇಲೆ ಎಷ್ಟೋ ದಿನ ಆ ಅನ್ನ ಅವಳ ಗಂಟಲಿಗೇ ಬಂದು ನಿಲ್ಲುತ್ತಿತ್ತು.

ಮಾರನೆಯ ದಿನದಿಂದ ಮಾದೇವ ಅಂಗಡಿಗೆ ಹೋಗಲಿಲ್ಲ. ಸ್ನಾನ ಮಾಡಲಿಲ್ಲ. ಹಗಲೆಲ್ಲ ಮಲಗಿರುತ್ತಿದ್ದ, ನಿದ್ದೆ ಮಾಡುತ್ತಿರಲಿಲ್ಲ. ಒಂದು ದಿನ ಮಲಗಿದ್ದಲ್ಲಿಂದಲೇ ಕೇಳಿದ.

'ನಾ ಸತ್ತೋದ್ರೆ ನೀನೆಲ್ಲಿರ್ತಿಯವ್ವ?'

'ಬುಡ್ತು ಅನ್ನು! ಬುಡ್ತು ಅನ್ಲಾ!' ಅಂತ ಕೂಗಿದಳು.

'ಬುಡ್ತು' ಅಂದ ಅವನು.

ನಮ್ಮಲ್ಲಿ ಹಾಗೇ. ಕೆಟ್ಟ ಮಾತು ಬಾಯಿಂದ ಬಿದ್ದರೆ ಬಿಡ್ತು ಅನ್ನಿಸಬೇಕು. ಅನ್ನಿಸಿದರೆ ಆ ಮಾತು ಕಳೆಯಿತು, ಅಸ್ತು ದೇವತೆಯ ಕಿವಿಗೆ ಬೀಳಲಿಲ್ಲ. ಪುಟ್ಟಸಿದ್ದಮ್ಮನ ಅವ್ವ ಅವಳಿಗೆ ಹಾಗೇ ಮಾಡಿದ್ದಳು. ಎರಡು ದಿನ ಬಿಟ್ಟು ಅವನು ಮತ್ತೆ ಅದೇ ಮಾತು ತೆಗೆದ. ಬುಡ್ತು ಅನ್ನು ಅಂದಳು. ಅಂದ. ಮೂರನೆಯ ಸಲ ಅವನು ಬಾಯಿ ತೆರೆಯುವಷ್ಟರಲ್ಲೇ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ನಾಲ್ಕನೆಯ ಸಲ ಅವನು ಹೇಳಲೇ ಇಲ್ಲ.

ಹೇಳಲಿಲ್ಲವಲ್ಲ, ಸರಿಹೋದ ಅಂದುಕೊಂಡಳು ಹುಚ್ಚಿ. ಅವತ್ತು ಅವನು ಎದ್ದು ಸ್ನಾನ ಮಾಡಿದ, ಗಡ್ಡ ತೆಗೆದ. ತನ್ನ ವಾಚು ಬಿಚ್ಚಿ ಮೂಗಮ್ಮನ ಕೈಗೆ ಕೊಟ್ಟು, ನಿನ್ ತಮ್ಮನ ಮಗುಂಗೆ ಕೊಡು ಅಂದ. ಕಾಲೇಜಿನ ಪುಸ್ತಕವನ್ನೆಲ್ಲ ಕಟ್ಟಿ ಯಾರಿಗೋ ಕೊಟ್ಟು ಬಂದ. 'ಕೈ ಬುಚ್ಚಿ ಕೊಡ್ತಾ ಅವ್ನೆ ಕಣಮ್ಮಿ, ಸರ್ಯಾಗೋದ' ಅಂತ ಪುಟ್ಟಸಿದ್ದಮ್ಮ ಮೂಗಮ್ಮನ ಮುಂದೆ ಕಣ್ಣೀರು ಒರೆಸಿಕೊಂಡಳು. ಮಾರನೆಯ ಬೆಳಗ್ಗೆ ನಿರಾಳವಾಗಿ ಹೂ ಕೊಯ್ಯಲು ಹೋದಳು.

ಮಧ್ಯಾಹ್ನ ಮಾದೇವನನ್ನು ಹಿತ್ತಲಲ್ಲಿ ಕಂಡವಳು ಮೂಗಮ್ಮ. ಅವಳು ಕೂಗಿದ ಕೂಗಿಗೆ ಕೇರಿಯೇ ಓಡಿಬಂತು. ಜೀವ ಇತ್ತು. ದಾರಿಯಲ್ಲಿ ಸಿಕ್ಕ ಸುಣ್ಣದ ಗಾಡಿಯಲ್ಲಿ ಹಾಕಿಕೊಂಡು ಪೇಟೆ ಆಸ್ಪತ್ರೆಗೆ ಓಡಿಸಿದರು.

ಆರು ದಿನ ಅಲ್ಲಿ. ಮೂರನೆಯ ದಿನ ಅವನಿಗೆ ಪ್ರಜ್ಞೆ ಬಂತು. ಪ್ರಜ್ಞೆ ಬಂದವನ ಮಂಚದ ಹತ್ತಿರ ಮೊದಲು ಬಂದು ನಿಂತವನು ಒಬ್ಬ ಪೊಲೀಸಿನವನು. 'ಸಾಯಕ್ಕೋಗೋದೂ ಕೇಸು ಕಣಯ್ಯ, ಗೊತ್ತಾ? ಬದುಕ್ಕೊಂಡಿದ್ದೀಯ, ಜೈಲಿಗೆ ಹೋಗ್ತೀಯ' ಅಂದ. ಹೌದು, ಹಾಗೇ ಇತ್ತು ಕಾನೂನು. ನಲವತ್ತೆರಡು ಬಾಗಿಲಲ್ಲಿ ಒಬ್ಬನ ಸಾವು ಸಾರಿಸಿದ್ದಕ್ಕೆ ಕೇಸಿಲ್ಲ, ಅದನ್ನು ನಂಬಿದವನಿಗೆ ಕೇಸು! ಅವನು ಕೇಸು ಬರೆಯದೆ ಹೋಗುವ ತನಕ ಪುಟ್ಟಸಿದ್ದಮ್ಮ ಅವನ ಬೂಟು ಹಿಡಿದುಕೊಂಡಿದ್ದಳು. ಅವಳಿಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಅಲ್ಲಿ ಅಫ್ರೀನ್ ಅಂತ ಒಬ್ಬಳು ನರ್ಸು ಇದ್ದಳು. ಚಿಕ್ಕ ವಯಸ್ಸು, ಗಡಸು ಮಾತು. ಮನೆಗೆ ಕಳಿಸುವ ದಿನ ಪುಟ್ಟಸಿದ್ದಮ್ಮನನ್ನು ವರಾಂಡಕ್ಕೆ ಕರೆದಳು.

'ಅಮ್ಮ, ಕೇಳಿಸ್ಕೊಳ್ಳಿ. ಒಂದು ಗಳಿಗೆಯೂ ಒಬ್ಬನ್ನೇ ಬಿಡಬೇಡಿ. ಹೊಲದ ಔಷಧಿ, ಮಾತ್ರೆ, ಏನಿದ್ರೂ ಮನೆಯಿಂದ ಆಚೆ ಹಾಕಿ. ಪ್ರತಿ ಸೋಮವಾರ ಡಾಕ್ಟರ ಹತ್ರ ಕರ್ಕೊಂಡು ಬನ್ನಿ. ಆಮೇಲೆ, ಸಾಯಬೇಕು ಅನ್ನಿಸುತ್ತಾ ಅಂತ ಅವನನ್ನೇ ಕೇಳಿ.'

'ಅಯ್ಯಯ್ಯೋ, ಬುಡ್ತು ಅನ್ನಿ ತಾಯಿ! ಕೇಳುದ್ರೆ ನೆಪ್ಪಾಗಲ್ವಾ ಅವನ್ಗೆ?'

'ಅವನು ಮರೆತಿದ್ರೆ ತಾನೆ ನೆನಪಾಗೋಕೆ?' ಅಂದಳು ಅಫ್ರೀನ್. 'ಆ ಬಿಡ್ತು ಅನ್ನೋದನ್ನ ಮೊದಲು ಬಿಡಿ. ಅವನು ಹೇಳಕ್ಕೆ ಬಂದಾಗೆಲ್ಲ ನೀವು ಬಾಯಿ ಮುಚ್ಚಿಸಿದ್ದೀರಿ. ಮೂರು ಸಲ ಬಂದಿದ್ದಾನೆ ನಿಮ್ಮ ಹತ್ರ. ಅವನೇ ಹೇಳಿದ ನನಗೆ.'

ಪುಟ್ಟಸಿದ್ದಮ್ಮ ವರಾಂಡದಿಂದಲೇ ಒಳಗೆ ಮಲಗಿದ್ದ ಮಗನನ್ನು ನೋಡಿದಳು. ಮೂರು ಸಲ. ಎಣಿಸಿಕೊಂಡಿದ್ದಾನೆ ಮಗ.

ಮನೆಗೆ ಬಂದವಳೇ ಸೂರಿನಲ್ಲಿ, ಮೂಲೆಯಲ್ಲಿ ಹುಡುಕಿ ಹುಡುಕಿ ಎಲ್ಲವನ್ನೂ ಮೂಗಮ್ಮನ ಮನೆಗೆ ಸಾಗಿಸಿದಳು. ಸೊಪ್ಪು ಕೊಯ್ಯುವ ಕುಡುಗೋಲೂ ಹೋಯಿತು. ಕೂಲಿ ಬಿಟ್ಟಳು. ಅವನು ಬಹಿರ್ದೆಸೆಗೆ ಹೋದರೆ ಹತ್ತು ಮಾರು ಹಿಂದೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಇಪ್ಪತ್ತೆರಡು ವರ್ಷದ ಗಂಡು, ನಾಚಿಕೆಯಿಂದ ಸಾಯುತ್ತಿದ್ದ. ನಾಚಿಕೊಳ್ಳಲಿ, ಬದುಕಿರಲಿ ಅನ್ನುತ್ತಿದ್ದಳು. ಮಧ್ಯಾಹ್ನ ಮೂಗಮ್ಮ ಬಂದು ಕೂತರೆ ಅವಳು ಒಂದು ಗಂಟೆ ನೀರಿಗೆ, ಸೌದೆಗೆ ಓಡುತ್ತಿದ್ದಳು. ಹಿಟ್ಟು ಮುಗಿಯುತ್ತ ಬಂತು. ಕೇಳು ಅಂದಿದ್ದಳಲ್ಲ ನರ್ಸಮ್ಮ, ಅದೊಂದು ಮಾತ್ರ ಆಗಲಿಲ್ಲ. ನಾಲಿಗೆ ಏಳುತ್ತಿರಲಿಲ್ಲ.

ಐದನೆಯ ದಿನ ಬೆಳಗ್ಗೆ ಮಡಕೆ ಉಜ್ಜುತ್ತಿದ್ದಳು. ಅವನು ಹೊಸಲ ಮೇಲೆ ಕೂತಿದ್ದ. ತಲೆ ಎತ್ತದೆ ಮಡಕೆಗೇ ಕೇಳುವ ಹಾಗೆ ಕೇಳಿಬಿಟ್ಟಳು.

'ಸಾಯ್ಬೇಕು ಅನ್ನುಸ್ತದಾ ಕಣಪ್ಪ?'

ಬೂದಿ ನೀರು ಅವಳ ಮೊಣಕೈಯಿಂದ ತೊಟ್ಟಿಕ್ಕಿತು.

'ಊಂ ಕಣವ್ವ.'

ಬುಡ್ತು ಅನ್ನು ಅನ್ನುವುದು ಬಾಯಿಯ ತುದಿಗೆ ಬಂತು. ನಾಲಿಗೆ ಕಚ್ಚಿಕೊಂಡಳು. ನಿಜವಾಗಿ ಕಚ್ಚಿಕೊಂಡಳು, ಉಪ್ಪು ಉಪ್ಪಾಯಿತು.

'ಯೋಳು' ಅಂದಳು.

'ಮೊದ್ಲು ಸುಮ್ನೆ ಯೋಳ್ತಿದ್ದೆ ಕಣವ್ವ. ಇಪ್ಪತ್ತು ಮನೆ ಆದ್ಮೇಕೆ ನಿಜ ಅನ್ನಿಸ್ಬುಡ್ತು. ನಾ ಸತ್ತೋಗಿವ್ನಿ, ಸುಮ್ನೆ ಓಡಾಡ್ತಾ ಇವ್ನಿ ಅನ್ನಿಸ್ಬುಡ್ತು. ಅಷ್ಟು ಬಾಗ್ಲಲ್ಲಿ ಒಬ್ರಾದ್ರೂ ಇಲ್ಲ ಕಣ್ಲಾ, ಬದ್ಕಿದ್ದೀಯ ಅನ್ಲಿಲ್ಲ.' ಅವನು ಅವಳ ಮುಖ ನೋಡಿದ. 'ನೀನೂ ಅನ್ಲಿಲ್ಲ.'

'ಅನ್ಲಿಲ್ಲ' ಅಂದಳು ಪುಟ್ಟಸಿದ್ದಮ್ಮ. 'ಯೋಳ್ಬುಡು ಅಂದೆ. ಅಕ್ಕಿನೂ ತಿಂದೆ. ತಪ್ಪಾಯ್ತು ಕಣೋ ನನ್ ಕಂದ, ತಪ್ಪಾಯ್ತು.'

ಅವನು ಅತ್ತ. ಆ ಸಾರುವಿಕೆ ಆದಾಗಿನಿಂದ ಅವನು ಅತ್ತಿರಲೇ ಇಲ್ಲ. ಅವಳು ಬೂದಿ ಕೈಯಲ್ಲೇ ಅವನ ತಲೆ ಹಿಡಿದುಕೊಂಡು ಕೂತಳು. ಅವತ್ತಿನಿಂದ ದಿನಾ ಬೆಳಗ್ಗೆ ಕೇಳಿದಳು. ದಿನಾ ಅವನು ಊಂ ಅಂದ. ಆದರೂ ಕೇಳಿದಳು.

ಮನೆಗೆ ಬಂದ ಹನ್ನೊಂದನೆಯ ದಿನ ಶಾಂತಮಲ್ಲಪ್ಪನ ಅವ್ವ ಸತ್ತಳು.

ಹೊತ್ತು ಏರಿತ್ತು. ಕೇರಿಯ ಹೆಂಗಸರೆಲ್ಲ ಹೂವಿನ ಹೊಲಕ್ಕೆ ಹೋಗಿಯಾಗಿತ್ತು, ಮೂಗಮ್ಮನೂ ಹೋಗಿದ್ದಳು. ದೊರೆಸ್ವಾಮಿ ಕೇರಿಯ ಬಾಯಲ್ಲಿ ಬೈಕು ನಿಲ್ಲಿಸಿ ಅಲ್ಲಿಂದಲೇ ಕೂಗಿದ.

'ಏ ಹಳೇಮಗ! ಅವ್ವಾರು ಓಗ್ಬುಟ್ರು. ಹರವೆಗೆ ಓಗು, ಅಲ್ಲಿಂದ ಸಂತೆಮರಳ್ಳಿಗೆ. ನಡ್ಕೊಂಡೋಗ್ಬೇಕು ನೋಡು, ಡಬ್ಬ ಗಿಬ್ಬ ಮುಟ್ಟಿದ್ಯೋ!'

ಮಾದೇವ ಎದ್ದ. 'ಸರಿ ಬುದ್ಧಿ' ಅಂದ. ಗೂಟದ ಮೇಲಿನ ಟವೆಲ್ಲು ತೆಗೆದುಕೊಂಡ. ಮುಖದಲ್ಲಿ ಸಿಟ್ಟಿಲ್ಲ, ಬೇಜಾರಿಲ್ಲ. ಗಡ್ಡ ತೆಗೆದ ದಿನ ಇದ್ದ ಮುಖವೇ ಅದು. ಇವನನ್ನು ಕಳಿಸಿದರೆ ತಿರುಗಿ ಬರುವುದಿಲ್ಲ ಅಂತ ಪುಟ್ಟಸಿದ್ದಮ್ಮನ ಕರುಳಿಗೆ ಗೊತ್ತಾಯಿತು.

ಅವಳು ಟವೆಲ್ಲು ಕಿತ್ತುಕೊಂಡಳು. 'ಅವನ್ಗೆ ಮೈ ಸರಿ ಇಲ್ಲ ಬುದ್ಧಿ, ನಾನೋಯ್ತೀನಿ' ಅಂದಳು.

'ಹೆಂಗ್ಸು ಸಾವು ಸಾರ್ತಾಳಾ?' ಅಂದ ದೊರೆಸ್ವಾಮಿ. ಆಮೇಲೆ ಬೈಕು ಒದ್ದು, 'ಆಯ್ತು, ಯಾರಾದ್ರೂ ಸಾಯಿರಿ, ಸುದ್ದಿ ಮುಟ್ಬೇಕು' ಅಂತ ಹೊರಟುಹೋದ.

ಅವಳು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಿರಬಿರನೆ ನಡೆದಳು. ಮೂವತ್ತು ವರ್ಷ ಗಂಡ ನಡೆದದ್ದನ್ನು ನೋಡಿದ ಕಾಲು, ತಾನಾಗೇ ನಡೆಯಿತು. ಕೇರಿ ದಾಟಿದಳು, ಹುಣಸೆಮರ ದಾಟಿದಳು. ಉಡಿಗಾಲದ ರಸ್ತೆ ಹತ್ತಿರ ಬಂತು. ಅಲ್ಲಿ ಅವಳ ಕಾಲು ನಿಂತುಬಿಟ್ಟಿತು.

ಮನೆಯಲ್ಲಿ ಯಾರಿದ್ದಾರೆ?

ಅಯ್ಯೋ ಪಾಪಿ! ಒಂದು ಗಳಿಗೆಯೂ ಬಿಡಬೇಡಿ ಅಂದಿದ್ದಳು ನರ್ಸಮ್ಮ. ಯಾರದೋ ಮನೆಯ ಹೆಣಕ್ಕೆ ಹೆದರಿ ಬದುಕಿರುವ ಮಗನನ್ನು ಒಬ್ಬನೇ ಬಿಟ್ಟು ಬಂದಿದ್ದಾಳೆ. ಕಂಡಕಂಡವರಿಗೆಲ್ಲ ಬುದ್ಧಿ ಬುದ್ಧಿ ಅಂದು ಅಂದು ಅವಳ ಬುದ್ಧಿಯೇ ಹೋಗಿದೆ. ಅವಳು ಸೀರೆ ಎತ್ತಿ ಕಟ್ಟಿ ಓಡಿದಳು. ಐವತ್ತು ವರ್ಷದ ಹೆಂಗಸು, ಹೊಟ್ಟೆಗಿಲ್ಲದ ಹೆಂಗಸು, ಓಡಿದಳು. ಹುಣಸೆಮರದ ಹತ್ತಿರ ಬಿದ್ದಳು. ಮೊಣಕಾಲು ಕಿತ್ತುಹೋಯಿತು. ಎದ್ದು ಓಡಿದಳು.

ಬಾಗಿಲು ಒಳಗಿಂದ ಚಿಲಕ ಹಾಕಿತ್ತು.

'ಮಾದೇವ! ಮಾದೇವ! ತಗೀಲಾ! ನಾನು ಬಂದಿವ್ನಿ ಕಣ್ಲಾ, ಓಗಲ್ಲ, ಎಲ್ಲೂ ಓಗಲ್ಲ!' ಅಂತ ತಲೆಯಲ್ಲಿ, ಕೈಯಲ್ಲಿ, ಇಡೀ ಮೈಯಲ್ಲಿ ಬಾಗಿಲು ಗುದ್ದಿದಳು. ಒಳಗೆ ಏನೋ ಸದ್ದಾಯಿತು. ಚಿಲಕ ಬಿಡಿಸಿದ ಸದ್ದು. ಅವನು ನಿಂತಿದ್ದ.

'ಯಾಕವ್ವ ತಿರ್ಗ ಬಂದೆ?' ಅಂತ ಕೇಳಿದ.

ಅವಳು ಒಳಗೆ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಉಸಿರು ಹಿಡಿಯಲಾರದೆ ಅವನ ಕಾಲ ಬಳಿ ಕೂತುಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಒರಳುಗುಂಡು ತಂದು ಆ ಚಿಲಕವನ್ನು ಗುದ್ದಿ ಗುದ್ದಿ ಕಿತ್ತು ಬೀದಿಗೆ ಎಸೆದಳು. ಆಮೇಲೆ ಮಗನ ಕೈ ಹಿಡಿದುಕೊಂಡಳು. 'ನಡಿ' ಅಂದಳು. 'ನೀನು ಮಾತಾಡ್ಬೇಡ. ನನ್ ಜೊತೆ ಇರು, ಸಾಕು.'

ಶಾಂತಮಲ್ಲಪ್ಪನ ಮನೆ ಮುಂದೆ ಚಪ್ಪರ ಹಾಕುತ್ತಿದ್ದರು. ಜಗಲಿಯ ಮೇಲೆ ಮುದುಕಿಯನ್ನು ಹೂವಿನಲ್ಲಿ ಕೂರಿಸಿದ್ದರು. ಬೀದಿಯ ತುಂಬ ಜನ. ಹೆಗಲಿನ ಟವೆಲ್ಲು ತೆಗೆದು ಪುಟ್ಟಸಿದ್ದಮ್ಮ ಮಣ್ಣಿನಲ್ಲಿ ಹಾಕಿದಳು.

'ಓಗಲ್ಲ' ಅಂದಳು. 'ಅವನೂ ಓಗಲ್ಲ, ನಾನೂ ಓಗಲ್ಲ.'

ಬುದ್ಧಿ ಅನ್ನಲಿಲ್ಲ. ಅದನ್ನು ಎಲ್ಲರೂ ಗಮನಿಸಿದರು.

'ಹೆಣದ ಮುಂದೆ ಗಲಾಟೆ ಬ್ಯಾಡ, ಪುಟ್ಟಸಿದ್ದಿ' ಅಂದ ಶಾಂತಮಲ್ಲಪ್ಪ, ಮೆಲ್ಲಗೆ. 'ಹಳೇಮಗ ಓಗ್ದೆ ಇನ್ಯಾರು ಓಗ್ಬೇಕು?'

'ಹಳೇಮಗ ಸತ್ತೋದ್ನಲ್ಲ, ನೀವೇ ಸಾರ್ಸಿದ್ರಲ್ಲ? ನಲ್ವತ್ತೆರಡು ಬಾಗ್ಲಿಗೆ ಗೊತ್ತು. ಸತ್ತೋನ್ನ ಕೆಲ್ಸಕ್ಕೆ ಕರೀತೀರಾ? ನಾಚ್ಕೆ ಆಗಲ್ವಾ ನಿಮ್ಗೆ?'

ದೊರೆಸ್ವಾಮಿ ಬೆತ್ತ ಹಿಡಿದು ಮುಂದೆ ಬಂದ. ಅಷ್ಟರಲ್ಲಿ ಅವನ ಜೇಬಿನಲ್ಲಿ ಮೊಬೈಲು ಯಾವುದೋ ಸಿನಿಮಾ ಹಾಡು ಹಾಡಿತು. ಅವನು ಅಭ್ಯಾಸದಂತೆ ತೆಗೆದು ಕಿವಿಗಿಟ್ಟ. ಮಾತು ಎಲ್ಲರಿಗೂ ಕೇಳಿಸಿತು. 'ಹ್ಞಾ ಅಣ್ಣ, ಹರವೆ ಬುಟ್ರಾ? ಸಂತೆಮರಳ್ಳಿಯೋರೂ ಹೊಂಟವ್ರಂತೆ. ಬನ್ನಿ ಬನ್ನಿ.'

ಚಪ್ಪರ ಹಾಕುತ್ತಿದ್ದವರು ತಿರುಗಿ ದೊರೆಸ್ವಾಮಿಯನ್ನು ನೋಡಿದರು.

'ಮುಟ್ಟಾಯ್ತಲ್ಲ ಸುದ್ದಿ?' ಅಂದಳು ಪುಟ್ಟಸಿದ್ದಮ್ಮ. 'ಎಲ್ರಿಗೂ ಗೊತ್ತು. ಆಮೇಕೂ ನನ್ ಮಗ ನಡೀಬೇಕು. ಸುದ್ದಿಗಲ್ಲ, ಅವನು ನಡೀಬೇಕು ಅಂತ ನಿಮ್ಗೆ. ನಿಮ್ಮ ಮನೇಲಿ ಸತ್ತೋರವ್ರೆ, ಅಳ್ರಪ್ಪ. ನಮ್ಮನೇಲಿ ಬದುಕ್ದೋನವ್ನೆ. ನಾನು ಕಾಯ್ಬೇಕು ಅವನ್ನ.'

ಬೆತ್ತದ ಏಟು ಅವಳ ಬೆನ್ನಿಗೆ ಬಿತ್ತು. ಒಂದು, ಎರಡು. ಮೂರನೆಯದಕ್ಕೆ ಶಾಂತಮಲ್ಲಪ್ಪ ಕೈ ಎತ್ತಿ ತಡೆದ. ದಯೆಯಿಂದ ಅಲ್ಲ. ನೆಂಟರು ಬರುವ ಹೊತ್ತಾಗಿತ್ತು. ಅವಳು ಮಗನ ಕೈ ಬಿಡದೆ ವಾಪಸ್ಸು ಬಂದಳು.

ಮುದುಕಿಗೆ ಗುಂಡಿ ತೋಡಲು ಕೇರಿಯಿಂದ ಬೇರೆ ಗಂಡಸರು ಹೋದರು. ಹೋಗದೆ ಏನು ಮಾಡುತ್ತಾರೆ, ಹೊಟ್ಟೆ ಇದೆಯಲ್ಲ. ಮೂರನೆಯ ದಿನ ಕೇರಿಯ ಹಿರಿಯ ಮಾದಣ್ಣ ಊರಿನ ತೀರ್ಮಾನ ಹೊತ್ತು ತಂದ. ಹೇಳುವಾಗ ಅವನು ನೆಲ ನೋಡುತ್ತಿದ್ದ. ಬೋರಯ್ಯನ ಮನೆಯಲ್ಲಿ ಯಾರೂ ಇಲ್ಲ ಅಂತ ಊರು ತಿಳಿದುಕೊಳ್ಳಬೇಕು. ಕೂಲಿಗೆ ಕರೆಯುವ ಹಾಗಿಲ್ಲ, ಮಿಲ್ಲಿನಲ್ಲಿ ಹಿಟ್ಟು ಬೀಸುವ ಹಾಗಿಲ್ಲ, ಅಂಗಡಿಯಲ್ಲಿ ಉಪ್ಪು ಕೊಡುವ ಹಾಗಿಲ್ಲ. ಮಾತಾಡಿಸಿದವರಿಗೂ ಕೂಲಿ ಇಲ್ಲ.

'ಒಂದ್ಸಲಿ ಓಗಿ ಕಾಲಿಗೆ ಬಿದ್ಬುಡು ಕಣಮ್ಮಿ' ಅಂದ ಮಾದಣ್ಣ. 'ಎಷ್ಟು ದಿಸ ಅಂತ ಕಾಯ್ತಿ ಅವನ್ನ? ಇಬ್ರೂ ಉಪಾಸ ಸಾಯ್ತೀರಿ.'

'ಬಿದ್ದು ಬಿದ್ದೇ ಮಗನ್ನ ಕಳ್ಕತಿದ್ದೆ ಕಣಣ್ಣ' ಅಂದಳು.

ಉಪವಾಸವೇ ಆಯಿತು. ಸೋಮವಾರ ಆಸ್ಪತ್ರೆಗೆ ನಡೆದು ಹೋಗಿ ನಡೆದು ಬಂದರು. ಗುಲಾಮ್ ಮೊಹಿದ್ದೀನ್ ಸಾಹೇಬರಿಗೆ ಪೇಟೆಯಲ್ಲಿ ವಿಷಯ ತಿಳಿಯಿತು. ಮಾರನೆಯ ದಿನ ಟಿವಿಎಸ್ ಮೇಲೆ ಎರಡು ಮೂಟೆ ಹತ್ತಿ ಕಟ್ಟಿಕೊಂಡು, ಒಂದು ಚೀಲ ರಾಗಿಹಿಟ್ಟು ಮುಂದಿಟ್ಟುಕೊಂಡು ಬಂದರು. ಸಾಹೇಬರನ್ನು ಬರಬೇಡ ಅನ್ನಲು ಊರಿಗೆ ಬಾಯಿ ಬರಲಿಲ್ಲ. ಅವರು ಮಾದೇವನ ಮುಂದೆ ಕುಕ್ಕರಗಾಲಲ್ಲಿ ಕೂತರು.

'ಫೋನ್ ಮಾಡು ಅಂದೋನು ನಾನು. ಆ ಪಾಪ ನಂದೂ ಇದೆ' ಅಂದರು. 'ನಾಲ್ಕು ದಿಂಬು ಮಾಡು. ಅವಸರ ಇಲ್ಲ. ಕೈ ಆಡಿದಾಗ ಆಡಲಿ.'

ಎರಡು ದಿನ ಮೂಟೆ ಹಾಗೇ ಬಿದ್ದಿತ್ತು. ಮೂರನೆಯ ದಿನ ಅವನು ಅದರ ಬಾಯಿ ಬಿಚ್ಚಿದ. ಸ್ವಲ್ಪ ಹಿಂಜಿದ. ನಿಲ್ಲಿಸಿದ.

ಮೂಗಮ್ಮನಿಗೆ ಮಾತಾಡದೆ ಇರಲು ಆಗುತ್ತದೆಯೇ? ಮನೆ ಮುಂದೆ ಕೂತು ತನ್ನ ಕೋಳಿಯನ್ನು ತೊಡೆಯ ಮೇಲೆ ಹಿಡಿದುಕೊಂಡು ಗಟ್ಟಿಯಾಗಿ ಅದಕ್ಕೆ ಹೇಳುತ್ತಿದ್ದಳು. 'ಏ ಕೋಳಿ, ನಿನ್ ಒಲೆ ಮ್ಯಾಲೆ ಉಪ್ಪು ಮಡಗಿವ್ನಿ, ತಕ್ಕೋ. ಏ ಕೋಳಿ, ನಾ ಹೊತ್ತು ಇಳಿಯೋಗಂಟ ಇಲ್ಲೇ ಇರ್ತೀನಿ, ನೀನೋಗಿ ನೀರು ತತ್ತಾ, ಮರಿ ನಾ ನೋಡ್ಕತೀನಿ.' ಪುಟ್ಟಸಿದ್ದಮ್ಮ ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ಕೋಳಿಗೆ ಕೊಟ್ಟ ಉಪ್ಪನ್ನು ಯಾರೂ ಕೇಳುವ ಹಾಗಿರಲಿಲ್ಲ.

ಒಂದು ದಿನ ಬೆಳಗ್ಗೆ, ಎಂದಿನಂತೆ, ಪುಟ್ಟಸಿದ್ದಮ್ಮ ಕೇಳಿದಳು. ಅವನು ಹತ್ತಿ ಬಿಡಿಸುತ್ತ ಕೂತಿದ್ದ. ಹುಬ್ಬು ಬೆಳ್ಳಗಾಗಿತ್ತು.

'ಇವತ್ತೂ ಅನ್ನುಸ್ತದಾ?'

'ಅನ್ನುಸ್ತದೆ ಕಣವ್ವ' ಅಂದ. ಹತ್ತಿಯ ಒಂದು ಗಂಟು ಬಿಡಿಸಿ, 'ಎದ್ದಾಗ ಜಾಸ್ತಿ ಇತ್ತು. ಈಗ ವಸಿ ಕಮ್ಮಿ' ಅಂದ.

ಅವಳು ಅಲ್ಲೇ ಕೂತಳು. ಇನ್ನೆಷ್ಟು ಬೆಳಗ್ಗೆ ಹೀಗೆ ಕೇಳಬೇಕೋ, ಯಾವ ಬೆಳಗ್ಗೆ ಏನು ಕೇಳಿಸುತ್ತದೋ ಅಂದುಕೊಳ್ಳುತ್ತ ತಾನೂ ಒಂದು ಹಿಡಿ ಹತ್ತಿ ಬಿಡಿಸತೊಡಗಿದಳು.

ಹೊರಗೆ ಮೂಗಮ್ಮ ಶುರು ಮಾಡಿದ್ದಳು. 'ಏ ಕೋಳಿ, ನಿನ್ನೆ ತಿಂದ್ಯಾ ಇಲ್ವಾ? ನಿನ್ ಮರಿ ಹೆಂಗವ್ನೆ?' ಬೈಕಿನ ಸದ್ದು ಕೇಳಿ ಬಾಯಿ ಮುಚ್ಚಿದಳು. ಕೇರಿಯ ಬಾಯಲ್ಲಿ ದೊರೆಸ್ವಾಮಿ ನಿಂತಿದ್ದ.

'ಯಾರ್ ಜೊತೆಮ್ಮಿ ಮಾತು?'

'ಕೋಳಿ ಜೊತೆ ಬುದ್ಧಿ.'

'ನನ್ ಕಿವಿಗೆ ಹೂ ಮಡಗ್ಬ್ಯಾಡ. ಬೋರಯ್ಯನ ಮನೆಯೋರ್ ಜೊತೆ ತಾನೆ?'

'ಆ ಮನೇಲಿ ಯಾರವ್ರೆ ಬುದ್ಧಿ?' ಅಂದಳು ಮೂಗಮ್ಮ, ಕೋಳಿಯ ಬೆನ್ನು ಸವರುತ್ತ. 'ಯಾರೂ ಇಲ್ಲ ಅಂತ ನೀವೇ ತಾನೆ ತೀರ್ಮಾನ ಮಾಡ್ದೋರು?'

ದೊರೆಸ್ವಾಮಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. 'ಹೂಂ, ಯಾರೂ ಇಲ್ಲ! ಎಲ್ರಿಗೂ ನೆಪ್ಪಿರ್ಲಿ! ಆ ಮನೇಲಿ ಯಾರೂ ಇಲ್ಲ!'

ಚಿಲಕವಿಲ್ಲದ ಬಾಗಿಲು ತೆರೆಯಿತು. ಮಾದೇವ ಹೊಸಲ ಮೇಲೆ ಬಂದು ನಿಂತ. ಗಡ್ಡ ಬೆಳೆದಿತ್ತು, ಮೈಯೆಲ್ಲ ಹತ್ತಿ, ಬಿಸಿಲಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ.

'ನಾನಿವ್ನಿ' ಅಂದ.

ದನಿ ದೂರ ಹೋಗಲಿಲ್ಲ. ದೊರೆಸ್ವಾಮಿ, 'ಆಂ?' ಅಂದ. ಎದುರು ಮನೆಯ ಮಾದಣ್ಣ ಬಾಗಿಲಿಗೆ ಬಂದ. ಇನ್ನೊಂದು ಬಾಗಿಲು ತೆರೆಯಿತು.

'ನಾನಿವ್ನಿ ಕಣಯ್ಯ' ಅಂತ ಮಾದೇವ ಮತ್ತೆ ಹೇಳಿದ, ಈ ಸಲ ಕೇರಿಗೆಲ್ಲ ಕೇಳುವ ಹಾಗೆ. ಪುಟ್ಟಸಿದ್ದಮ್ಮ ಎದ್ದು ಬಂದು ಅವನ ಪಕ್ಕ ನಿಂತಳು.